ಹರಿಯದ ಅಂಗಿ

ಹಿಂದಿನಿಂದ ಯಾರೋ ಅಂಗಿಯ ತುದಿ ಹಿಡಿದು ಎಳೆದ ರಭಸಕ್ಕೆ ಪುಟ್ಟಿಯ ಎರಡೂ ಕಾಲು ನೆಲ ಬಿಟ್ಟವು. ಬೆನ್ನು ಜಲ್ಲಿಗೆ ಅಪ್ಪಳಿಸಿತು. ಕೂಗಲು ಬಾಯಿ ತೆರೆದಳು, ಉಸಿರೇ ಇರಲಿಲ್ಲ. ಕಾಲುವೆಯ ಪಕ್ಕದ ದಾರಿಯಲ್ಲಿ ಬೆಳಕು ಆಗಷ್ಟೇ ಹರಡಿತ್ತು; ಆಚೆ ದಡದಲ್ಲಿ ಯಾರೋ ನಾಯಿಯನ್ನು ಕರೆಯುತ್ತಿದ್ದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಎಳೆದವನು ಮಾತಾಡಲಿಲ್ಲ. ಅಂಗಿಯ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು, ಮೂಟೆ ಎಳೆಯುವಂತೆ ಅವಳನ್ನು ಪಾಳುಬಿದ್ದ ಪಂಪ್‌ಹೌಸಿನ ಕಡೆ ಎಳೆಯತೊಡಗಿದ.

ಅವಳು ಹೊರಳಿ ಎದ್ದು ಮೈಭಾರವನ್ನೆಲ್ಲ ಹಾಕಿ ಮುಂದಕ್ಕೆ ಜಗ್ಗಿದಳು. ಹರಿದರೆ ಹರಿಯಲಿ, ಬರಿಮೈಯಲ್ಲಾದರೂ ಓಡುತ್ತೇನೆ ಅಂದುಕೊಂಡಳು. ಹರಿಯಲಿಲ್ಲ. ಕೊರಳಪಟ್ಟಿ ಗಂಟಲಿಗೆ ಒತ್ತಿ ಕಣ್ಣಿಗೆ ಕತ್ತಲೆ ಕವಿಯಿತು. ಅವನು ಅವಳ ತಲೆ ಹಿಡಿದು ಗೋಡೆಗೆ ಬಡಿದ. ಮತ್ತೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಬಾಯಿ ಮುಚ್ಚಲು ಬಂದ ಕೈಯ ಹೆಬ್ಬೆರಳು ಹಲ್ಲಿಗೆ ಸಿಕ್ಕಿತು. ಮೂಳೆ ತಾಗುವವರೆಗೆ ಕಚ್ಚಿದಳು. ಅವನು ಅರಚುತ್ತ ಇನ್ನೊಂದು ಕೈಯಿಂದ ಅವಳ ಕಿವಿಯ ಮೇಲೆ ಗುದ್ದುತ್ತಲೇ ಇದ್ದ, ಅವಳು ಬಿಡಲಿಲ್ಲ. ಕೈಗೆ ಸಿಕ್ಕ ಕಲ್ಲನ್ನು ಎತ್ತಿ, ಎಲ್ಲಿಗೆ ಬೀಳುತ್ತದೆಂದು ನೋಡದೆ ಬೀಸಿದಳು. ಏನೋ ಮುರಿದ ಸದ್ದಾಯಿತು. ಆಗ ಅಂಗಿ ಸಡಿಲವಾಯಿತು.

ಓಡುವುದನ್ನು ಹೊಸದಾಗಿ ಕಲಿಯುತ್ತಿದ್ದವಳು ಆ ಬೆಳಗ್ಗೆ ಬಸ್ ಡಿಪೋದ ಗೇಟಿನವರೆಗೆ ಎಲ್ಲೂ ನಿಲ್ಲಲಿಲ್ಲ. ಮೊದಲ ಟ್ರಿಪ್ಪಿಗೆ ಟಿಕೆಟ್ ಚೀಲ ಹೆಗಲಿಗೇರಿಸುತ್ತಿದ್ದ ಅಕ್ಕ, ಮುಖವೆಲ್ಲ ಕೆಂಪಾಗಿ ಬರುತ್ತಿರುವವಳು ತನ್ನ ತಂಗಿಯೆಂದು ಮೊದಲು ಗುರುತಿಸಲೇ ಇಲ್ಲ.

ಅಗ್ನಿಶಾಮಕ ದಳಕ್ಕೆ ಹೆಂಗಸರನ್ನೂ ತಗೊಳ್ಳುತ್ತಾರಂತೆ, ಓಟದ ಪರೀಕ್ಷೆ ಇರುತ್ತದಂತೆ ಎಂಬ ಸುದ್ದಿ ತಂದವಳೂ ಈ ಅಕ್ಕನೇ. ಲಾಂಡ್ರಿಯ ಹಬೆಯಲ್ಲಿ ಇಡೀ ದಿನ ಇಸ್ತ್ರಿ ಹಾಕುವ ತಂಗಿಯನ್ನು ಅವಳೇ ಆಟದ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋಗಿದ್ದಳು. ಅಂಗಡಿಯಾಕೆ ಪುಟ್ಟಿಯನ್ನು ಆಚೀಚೆ ನಡೆಸಿ, ಶೂ ತೊಡಿಸಿ, ಮುಂಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು.

"ಓಡಿದ್ರೆ ಪಾದ ಊದುತ್ತೆ ಕಣಮ್ಮ. ಬೆರಳಿನ ಮುಂದೆ ಜಾಗ ಇರಬೇಕು. ಹತ್ತಿ ಬಟ್ಟೆ ಮಾತ್ರ ಬೇಡ. ಬೆವರು ಕುಡಿದು ಭಾರ ಆಗುತ್ತೆ, ಉಜ್ಜಿ ಉಜ್ಜಿ ಚರ್ಮ ಕಿತ್ತು ಬರುತ್ತೆ."

ಮೈಗಂಟುವ ಬನಿಯನ್ನು, ಕಾಲಿಗಂಟುವ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಪುಟ್ಟಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ನಾನು ಸೈಕಲ್ ಟ್ಯೂಬ್ ಥರ ಕಾಣ್ತಿದೀನಿ."

"ಗಾಳಿ ಜಾಸ್ತಿ ತುಂಬಿದ ಟ್ಯೂಬು," ಅಂದಳು ಅಕ್ಕ.

ಆದರೆ ಮನೆಯಲ್ಲಿ ಅಪ್ಪ ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಬಟ್ಟೆನಾ, ಚರ್ಮಾನಾ?" ಎಂದು ಕೂಗಾಡಿದ. ಅವನು ದರ್ಜಿ. ಹೆಂಡತಿ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳಿಗೂ ಒಳಲಂಗದಿಂದ ಹಿಡಿದು ಕೋಟಿನವರೆಗೆ ತಾನೇ ಹೊಲಿದವನು. "ಮನೇಲಿ ನಾನು ಸತ್ತಿಲ್ಲ," ಎಂದು ಬಟ್ಟೆಯನ್ನು ವಾಪಸು ಕಳಿಸಿದ. ಓಡುವುದೇ ಬೇಡ ಅಂದ, ಪುಟ್ಟಿ ಕೇಳಲಿಲ್ಲ. ಶೂ ಮಾತ್ರ ಉಳಿಯಿತು. ಅದೇ ವಾರ ದಪ್ಪ ಹತ್ತಿ ಬಟ್ಟೆಯಲ್ಲಿ, ಮೊಣಕಾಲು ಮುಟ್ಟುವ, ಒಳಗೆ ಇನ್ನೊಬ್ಬಳು ಹಿಡಿಸುವಷ್ಟು ಸಡಿಲವಾದ ಅಂಗಿ ಸಿದ್ಧವಾಯಿತು. ಎಲ್ಲ ಕಡೆ ಜೋಡಿ ಹೊಲಿಗೆ. "ಎಳೆದು ನೋಡು," ಅಂದಿದ್ದ ಹೆಮ್ಮೆಯಿಂದ. "ಆನೆ ಎಳೆದ್ರೂ ಬಿಡಲ್ಲ."

ಆಸ್ಪತ್ರೆಯಿಂದ ಅಕ್ಕ ತಂಗಿಯನ್ನು ಮನೆಗೆ ಕರೆತಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಸುದ್ದಿ ಆಗಲೇ ಬೀದಿಯ ತುಂಬ ಹರಡಿತ್ತು. ಪುಟ್ಟಿ ಹೊಸಿಲು ದಾಟಿದ್ದೇ ತಡ, ಅವನ ಕೈ ಎದ್ದು ಅವಳ ಕೆನ್ನೆಗೆ ಬಿತ್ತು.

"ಹೇಳಿದ್ನಲ್ಲ! ಬೇಡ ಅಂತ ಬಡ್ಕೊಂಡೆನಲ್ಲ! ಯಾರು ಓಡು ಅಂದಿದ್ದು ನಿಂಗೆ?"

ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಮತ್ತೆ ಒಸರಿತು. ಎರಡನೆಯ ಏಟಿಗೆ ಎದ್ದ ಕೈಯನ್ನು ಅಕ್ಕ ಗಾಳಿಯಲ್ಲೇ ಹಿಡಿದಳು. ನೂಕುನುಗ್ಗಲಿನ ಬಸ್ಸಿನಲ್ಲಿ ಗಂಡಸರನ್ನು ಸರಿಸಿ ದಾರಿ ಮಾಡಿಕೊಳ್ಳುವ ತೋಳು ಅದು. ತಳ್ಳಿದ ರಭಸಕ್ಕೆ ಅಪ್ಪ ಹೊಲಿಗೆ ಮಿಷನ್ನಿಗೆ ಬಡಿದು, ಅದರ ಜೊತೆಗೇ ನೆಲಕ್ಕುರುಳಿದ. ಕತ್ತರಿ, ಗುಂಡಿ, ನೂಲಿನ ಉಂಡೆಗಳು ಕೋಣೆಯ ತುಂಬ ಚೆಲ್ಲಾಡಿದವು.

"ಇನ್ನೊಂದ್ಸಲ ಇವಳ ಮೇಲೆ ಕೈ ಎತ್ತು," ಅಕ್ಕ ಏದುಸಿರು ಬಿಡುತ್ತಿದ್ದಳು. "ಅಪ್ಪ ಅಂತ ನೋಡಲ್ಲ, ಆ ಕೈ ಮುರಿದು ಹಾಕ್ತೀನಿ."

ಪುಟ್ಟಿ ಗೋಡೆಗೊರಗಿ ಕೂತು, ಆಸ್ಪತ್ರೆಯವರು ಪೊಟ್ಟಣ ಕಟ್ಟಿಕೊಟ್ಟಿದ್ದ ಅಂಗಿಯನ್ನು ಮಡಿಲಿಂದ ಕೆಳಗಿಟ್ಟಳು.

"ಅದು ಹರೀಲಿಲ್ಲಪ್ಪ," ಅಂದಳು. ದೂರುವ ದನಿಯೇನಲ್ಲ, ಆದದ್ದನ್ನು ಹೇಳಿದಳು ಅಷ್ಟೆ. "ನಾನು ಎಷ್ಟು ಜಗ್ಗಿದ್ರೂ ಹರೀಲಿಲ್ಲ. ಹರಿದಿದ್ರೆ ಆಗಲೇ ತಪ್ಪಿಸ್ಕೋತಿದ್ದೆ."

ಅಪ್ಪ ಅಂಗಿಯನ್ನೇ ನೋಡಿದ. ಬಿದ್ದಲ್ಲಿಂದ ತೆವಳಿಕೊಂಡೇ ಬಂದು ಅದನ್ನು ಕೈಗೆತ್ತಿಕೊಂಡ. ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆದ. ಒಂದು ತುದಿಯನ್ನು ಪಾದದಡಿ ಅದುಮಿ ಇನ್ನೊಂದನ್ನು ಜಗ್ಗಿದ. ಹಲ್ಲಿನಿಂದ ಕಚ್ಚಿ ಎಳೆದ; ಮಗಳ ರಕ್ತ ಅವನ ಗಡ್ಡಕ್ಕೆ ಮೆತ್ತಿತು. ಉಗುರು ಕಿತ್ತು ಬಂತು, ಹೊಲಿಗೆ ಒಂದೆಳೆಯೂ ಬಿಡಲಿಲ್ಲ. ನೆಲ ತಡಕಿ ಕತ್ತರಿ ಹುಡುಕಿದಾಗ ಅಕ್ಕ ಅದನ್ನು ಕಾಲಿನಿಂದ ದೂರ ಸರಿಸಿದಳು.

"ಬಿಡಪ್ಪ. ಪೊಲೀಸ್ನೋರಿಗೆ ಅದು ಬೇಕಂತೆ."

ಅವನು ಬಿಟ್ಟ. ಸಂಜೆ ಪೊಲೀಸಿನವಳು ಬಂದಾಗ ಅಂಗಿಯನ್ನು, ಗಿರಾಕಿಗೆ ಕೊಡುವಂತೆ, ನೀಟಾಗಿ ಮಡಚಿ ಕೊಟ್ಟ.

ಹಲ್ಲೆ ಮಾಡಿದವನನ್ನು ಹುಡುಕಲು ಹೆಚ್ಚೇನೂ ಕಷ್ಟವಾಗಲಿಲ್ಲ. ಮುರಿದ ದವಡೆ, ಸೀಳಿದ ಹೆಬ್ಬೆರಳು ಹೊತ್ತು ಬೇರೆ ಊರಿನ ಆಸ್ಪತ್ರೆಗೆ ಹೋಗಿದ್ದ. ಬ್ರೆಡ್ ಸರಬರಾಜಿನ ವ್ಯಾನ್ ಓಡಿಸುವವನು. ದಿನಾ ಅದೇ ದಾರಿಯಲ್ಲಿ ಅವಳನ್ನು ನೋಡಿದ್ದ. ಗುರುತು ಹಿಡಿಯಲು ಪುಟ್ಟಿಯನ್ನು ಠಾಣೆಗೆ ಕರೆದಾಗ ಅಪ್ಪನೂ ಹೋದ; ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ವ್ಯಾನಿನವನನ್ನು ಹೊರತಂದರು. ಅಪ್ಪ ಎದ್ದದ್ದು ಯಾರಿಗೂ ಕಾಣಲೇ ಇಲ್ಲ. ಅವನ ಮೇಲೆ ಬಿದ್ದು, ಬ್ಯಾಂಡೇಜು ಕಟ್ಟಿದ ಮುಖಕ್ಕೇ ಗುದ್ದಿದ. ತಪ್ಪಿಸಿಕೊಳ್ಳಲು ಅವನು ತಲೆ ವಾಲಿಸಿದಾಗ ಮುಷ್ಟಿ ಹಿಂದಿನ ಕಬ್ಬಿಣದ ಕಪಾಟಿಗೆ ಬಡಿಯಿತು. ಆಗಲೂ ಅಪ್ಪ ನಿಲ್ಲಲಿಲ್ಲ, ಮುರಿದ ಕೈಯಲ್ಲೇ ಗುದ್ದಿದ. ಪೊಲೀಸರು ಲಾಠಿಯಿಂದ ಅವನ ಬೆನ್ನಿಗೆ ನಾಲ್ಕು ಬಿಗಿದ ಮೇಲೆಯೇ ಬಿಡಿಸಲು ಆದದ್ದು.

ಪುಟ್ಟಿ ಒಂದು ಮೂಲೆಯಲ್ಲಿ ನಿಂತು ಎಲ್ಲ ನೋಡಿದಳು. ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಮುಷ್ಟಿ ಮಾಂಸಕ್ಕೆ ಬೀಳುವ ಸದ್ದು, ಯಾರ ಮುಷ್ಟಿಯಾದರೂ, ಒಂದೇ ಥರ ಕೇಳಿಸಿತು. ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ನಡೆದಳು.

ಅಪ್ಪನ ಬಲಗೈಗೆ ಪ್ಲಾಸ್ಟರು ಬಿತ್ತು. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿಟ್ಟರು. ಪುಟ್ಟಿಯ ಗಾಯ ಒಣಗಿತು. ಅವಳ ಓಡಾಟ ಮನೆಯಿಂದ ಲಾಂಡ್ರಿ, ಲಾಂಡ್ರಿಯಿಂದ ಮನೆ ಅಷ್ಟೇ ಆಗಿಬಿಟ್ಟಿತು. ಪರೀಕ್ಷೆಯ ಮಾತನ್ನು ಅಕ್ಕನೂ ಎತ್ತಲಿಲ್ಲ. ಒಂದು ಭಾನುವಾರ ಅಪ್ಪನೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ.

"ಆ ಅಂಗಡಿ ಎಲ್ಲಿದೆ, ತೋರಿಸು ನಡಿ."

ಅಂಗಡಿಯಲ್ಲಿ ಒಳಉಡುಪಿನ ಸಾಲು ಬಂದಾಗ ಮಾತ್ರ ಕೆಮ್ಮಿ, ಅಕ್ಕನನ್ನು ಮುಂದೆ ಬಿಟ್ಟು ಬೇರೆ ಕಡೆ ನೋಡಿದ. ಉಳಿದದ್ದನ್ನೆಲ್ಲ ಎಡಗೈಯಲ್ಲಿ ಹಿಂಡಿ, ಎಳೆದು, ಹೊಲಿಗೆ ತಿರುಗಿಸಿ ನೋಡಿದ. ಪುಟ್ಟಿ ಮೈಗಂಟುವ ಬನಿಯನ್ನು ತೊಟ್ಟು ಹೊರಗೆ ಬಂದಳು.

"ತಿರುಗು ಮಗಾ."

ತಿರುಗಿದಳು. ಬೆನ್ನಿಗೆ ಬೆರಳು ತಾಗಿದ್ದೇ ತಡ, ಅವಳ ಮೊಣಕೈ ಹಿಂದಕ್ಕೆ ಬಂದು ಅವನ ಎದೆಗೆ ಬಡಿಯಿತು. ಅಪ್ಪ ಶೂ ಡಬ್ಬಿಗಳ ಮೇಲೆ ಕುಸಿದ. ಅಂಗಡಿಯಾಕೆ ಕೂಗಿಕೊಂಡಳು. ಪುಟ್ಟಿಯ ಮುಖ ಬಿಳಿಚಿಕೊಂಡಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಅಪ್ಪ ಎದೆ ನೀವಿಕೊಳ್ಳುತ್ತ ಎದ್ದ. "ತಪ್ಪು ನಂದೇ. ಹೇಳಿ ಮುಟ್ಟಬೇಕಿತ್ತು. ಈಗ ಹೇಳ್ತಿದೀನಿ. ಹಿಡೀಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಹಿಡಿಯಲು ನೋಡಿದ. ಬೆರಳು ಜಾರಿತು. ಸೊಂಟದ ಬಳಿ ನೋಡಿದ, ಭುಜದ ಬಳಿ ನೋಡಿದ. "ಸಿಗಲ್ಲ," ಅಂದ. ಆಮೇಲೆ ಅವಳ ಜಡೆ ನೋಡಿ, "ಇದು?"

"ಅದನ್ನೂ ಹೊಲಿದುಬಿಡ್ತೀಯಾ?" ಅಂದಳು ಅಕ್ಕ.

ಪುಟ್ಟಿ ನಕ್ಕಳು. ಹುಬ್ಬಿನ ಗಾಯದ ಗುರುತು ಸೆಟೆದುಕೊಂಡಿತು. ಜಡೆಯನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿ ಟೋಪಿಯೊಳಗೆ ತುರುಕಿದಳು.

ಮಾರನೆಯ ಬೆಳಗ್ಗೆ ಅವಳು ಹೊರಟಾಗ ಅಪ್ಪ ಸೈಕಲ್ ತೆಗೆದು ನಿಂತಿದ್ದ.

"ಹಿಂದೆ ಬರಬೇಡಪ್ಪ," ಅಂದಳು. "ಹಿಂದಿನಿಂದ ಏನು ಸದ್ದಾದ್ರೂ ನನ್ನ ಕೈಲಿ ತಡ್ಕೊಳೋಕಾಗಲ್ಲ. ನೀನಾದ್ರೂ ಅಷ್ಟೇ."

ಅವನು ಯೋಚಿಸಿದ. ಸೈಕಲ್ ಹತ್ತಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಅವಳಿಗಿಂತ ಮುಂದೆ ಹೊರಟ. ಕಾಲುವೆಯ ದಾರಿಯಲ್ಲಿ ನಿಧಾನಕ್ಕೆ ತುಳಿದ. ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದೆ ಜಲ್ಲಿಯ ಮೇಲೆ ಬೀಳುತ್ತಿದ್ದ ಹೆಜ್ಜೆಗಳಿಗೆ ಕಿವಿಗೊಟ್ಟಿದ್ದ. ಪಂಪ್‌ಹೌಸಿನ ಬಳಿ ಹೆಜ್ಜೆ ನಿಂತಿತು. ಅವನೂ ತುಳಿಯುವುದನ್ನು ಬಿಟ್ಟು, ಒಂದು ಕಾಲು ನೆಲಕ್ಕೂರಿ, ನೀರನ್ನು ನೋಡುತ್ತ ನಿಂತ. ಬಹಳ ಹೊತ್ತಾಯಿತು. ಆಮೇಲೆ ಮತ್ತೆ ಸದ್ದು ಶುರುವಾಯಿತು, ಹತ್ತಿರ ಬಂತು, ಪಕ್ಕಕ್ಕೆ ಬಂತು. ಪುಟ್ಟಿ ಏದುಸಿರು ಬಿಡುತ್ತ ಅವನನ್ನು ದಾಟಿ ಹೋದಳು. ಅವನು ದಾರಿಯಿಂದ ಇನ್ನಷ್ಟು ಬದಿಗೆ ಸರಿದು, ಅವಳು ತಿರುವಿನಲ್ಲಿ ಮರೆಯಾಗುವವರೆಗೆ, ಚಕ್ರ ಸದ್ದು ಮಾಡದಂತೆ ಪೆಡಲನ್ನು ಅದುಮಿ ಹಿಡಿದುಕೊಂಡೇ ಇದ್ದ.