ಒಂದನೇ ನಂಬರಿನ ಅಂಗಿ

ಎಣ್ಣೆಯ ಘಾಟು — ಸೆಳೆತ ಹಿಡಿದ ಕಾಲಿಗೆ ತಿಕ್ಕುವ ಎಣ್ಣೆಯದು, ಯಾರೋ ಹಚ್ಚಿಕೊಂಡೇ ಬಂದಿದ್ದಾರೆ, ಇಲ್ಲಿ ಯಾರೂ ಓಡಬೇಕಾಗಿಲ್ಲ, ಈ ಸುರಂಗದಿಂದ ಮೈದಾನದ ನಡುವಿನವರೆಗೆ ನಡೆದುಹೋಗಿ ಚೆಂಡುಹೂವಿನ ಹಾರ ಹಾಕಿಸಿಕೊಂಡು ಕೈ ಮುಗಿದು ವಾಪಸು ಬಂದರಾಯಿತು, ಆದರೂ ಆ ವಾಸನೆ ಇಲ್ಲದಿದ್ದರೆ ಆಟದ ಅಂಗಿ ತೊಟ್ಟಂತೆಯೇ ಅನ್ನಿಸುವುದಿಲ್ಲವೇನೋ, ಅಂದುಕೊಂಡ ಪ್ರಯೂನ್, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರಿದು ಕೂತ, ತಾನು ತೊಟ್ಟ ಅಂಗಿಗೆ ಮಾತ್ರ ನುಸಿಗುಳಿಗೆಯ ವಾಸನೆ, ಹೆಗಲ ಮೇಲೆ ನಾಲ್ಕು ಬೆರಳು ಸಡಿಲ, ಅಂಗಿ ಗೆಳೆಯ ಬುನ್‌ಲೂನದು, ಅವನ ಹೆಗಲು ಬಾಗಿಲಿನಷ್ಟು ಅಗಲ, ಹಸಿರು ಅಂಗಿ, ಬೆನ್ನಿಗೆ ಒಂದನೇ ನಂಬರು, ಎದೆಗೆ ಬ್ಯಾಂಕಿನ ಗುರುತು, ಕೊರಳಲ್ಲಿ ನೇತಾಡುವ ಚೀಟಿಯಲ್ಲೂ ಬುನ್‌ಲೂನ ಹೆಸರೇ — ಬುನ್‌ಲೂ ಅಂಕಲ್, ನೀರು ಬೇಕಾ, ಅಂತ ಫುಟ್‌ಬಾಲ್ ಲೀಗಿನ ಆಫೀಸಿನ ಹುಡುಗಿ ಕೇಳಿದಾಗ ತಿರುಗಿ ನೋಡುವುದಕ್ಕೆ ಎರಡು ಕ್ಷಣ ತಡವಾಯಿತು, ಬೇಡಮ್ಮ ಅಂದ, ತನ್ನ ದನಿ ತನಗೇ ಕದ್ದ ಮಾಲಿನ ಹಾಗೆ ಕೇಳಿಸಿತು, ಸತ್ತವನನ್ನು ಕೂಗಿದರೆ ಬದುಕಿದವನು ನಾನು ಓಗೊಡುತ್ತಿದ್ದೇನೆ, ನೂರನೇ ದಿನದ ಪೂಜೆ ಮುಗಿದು ಇನ್ನೂ ಎರಡು ವಾರ ಆಗಿಲ್ಲ, ಭಿಕ್ಷುಗಳಿಗೆ ಅನ್ನ ಬಡಿಸಿದ ಸೌಟು ಹಿಡಿದದ್ದು ಇದೇ ಕೈ.

ಎಲ್ಲ ಆ ಫೋನಿನಿಂದ, ಲೀಗ್ ಗೆದ್ದ ಪ್ರತಿ ತಂಡದಿಂದ ಒಬ್ಬೊಬ್ಬರನ್ನು ಕರೆದು ಗೌರವಿಸುತ್ತೇವೆ, ಬುನ್‌ಲೂ ಅವರು ಬರ್ತಾರಾ ಅಂತ ಆಫೀಸಿನವರು ಕೇಳಿದರಂತೆ, ಅವನ ಹೆಂಡತಿ ರಂಫೈ ಫೋನು ಹಿಡಿದುಕೊಂಡು, ಬರ್ತಾರೆ, ಅಂದುಬಿಟ್ಟಳಂತೆ, ಆಮೇಲೆ ಪ್ರಯೂನನ ಮನೆಗೆ ಬಂದು ಅಂಗಿಯ ಗಂಟನ್ನು ಮೇಜಿನ ಮೇಲಿಟ್ಟು — ನಂಗೇ ಗೊತ್ತಿಲ್ಲ ಯಾಕೆ ಹಂಗಂದೆ ಅಂತ, ತುಯ್, ಅವರ ಹೆಸರನ್ನ ಇನ್ನೊಂದೇ ಒಂದ್ಸಲ ಮೈಕಲ್ಲಿ ಕೂಗೋದು ಕೇಳ್ಬೇಕು ಅನ್ನಿಸ್ತು, ಸತ್ತೋಗಿದ್ದಾರೆ ಅಂದಿದ್ರೆ ಅಯ್ಯೋ ಪಾಪ ಅಂತ ಹೆಸರು ಹೊಡೆದುಹಾಕ್ತಿದ್ರು, ಬೇರೆ ಯಾರನ್ನೋ ಕರೀತಿದ್ರು, ನೀನು ಹೋಗು, ಗೋಲ್‌ಕೀಪರ್ ಮುಖ ಯಾರಿಗೆ ನೆನಪಿರತ್ತೆ ಹೇಳು, ಅಂದಳು, ತುಯ್ ಅನ್ನುವುದು ಅವನ ಅಡ್ಡಹೆಸರು, ಹಾಗೆ ಕರೆಯುವವರು ಈಗ ಇಬ್ಬರೋ ಮೂವರೋ, ಅಕ್ಕ ಇದು ಸರಿಯಲ್ಲ ಅಂದ ಅವನು, ಅವಳು ಅಂಗಿಯ ಮಡಿಕೆ ಬಿಚ್ಚುತ್ತಾ, ಆವತ್ತು ಅವರಿಗೆ ನಿನ್ನ ಜಾಗ ಬಿಟ್ಟುಕೊಟ್ಟೆಯಲ್ಲ, ಈವತ್ತು ಇದೊಂದು ಮಾಡು, ಅಂದಳು — ಆ ಮಾತಿಗೆ ಅವನು ಅಂಗಿ ಎತ್ತಿಕೊಂಡ, ಯಾವಾಗಲೂ ಆ ಮಾತಿಗೇ ಸೋಲುವುದು, ಇಪ್ಪತ್ತೆಂಟು ವರ್ಷದಿಂದ.

ಪಕ್ಕದ ಕುರ್ಚಿಯಲ್ಲಿ ತಂಬಾಕು ಕಾರ್ಖಾನೆಯ ತಂಡದವನು, ಸಂಗ್ವಿಯನ್, ಬಲಬದಿಯಿಂದ ಗಾಳಿಯ ಹಾಗೆ ಬರುತ್ತಿದ್ದವನು, ಈಗ ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಾನೆ, ಘಾಟು ಬರುತ್ತಿರುವುದು ಅಲ್ಲಿಂದಲೇ — ನೀನು ತುಯ್ ಅಲ್ವೇನೋ, ಅಂದ ಕಿವಿಯ ಹತ್ತಿರ ಬಗ್ಗಿ, ಬ್ಯಾಂಕ್ ತಂಡದ ಬದಲಿಯವರ ಬೆಂಚಲ್ಲಿ ಕೂತು ಅಂಟಕ್ಕಿ ತಿಂತಿದ್ದೋನು ನೀನೇ ತಾನೇ, ಸುಮ್ನಿರೋ ಮಾರಾಯ ಅಂದ ಪ್ರಯೂನ್, ಬುನ್‌ಲೂ ಎಲ್ಲಿ ಅಂತ ಅವನು, ಹೋದ, ಎಲ್ಲಿಗೆ, ಹೋಗ್ಬಿಟ್ಟ ಕಣೋ, ಲಿವರ್ರು — ಸಂಗ್ವಿಯನ್ ಅಂಗಿಯನ್ನು ನೋಡಿದ, ಚೀಟಿ ನೋಡಿದ, ನಮ್ಮ ತಂಡವೇ ಸತ್ತೋಯ್ತು, ನಾನಿಲ್ಲಿ ಕೂತಿಲ್ವಾ, ಅಂದ, ನಗಲಿಕ್ಕೆ ಹೋಗಿ ಕೆಮ್ಮಿದ. ನಿಜ, ಈ ಸಾಲನ್ನು ನೋಡಿದರೆ ಅರ್ಧಕ್ಕರ್ಧ ಇಲ್ಲದ ತಂಡಗಳೇ, ತಂಬಾಕಿನವರು ಕಪ್ಪು ಗೆದ್ದ ಮೇಲೆ ಊರೂರು ಅಲೆದು ಹೆಸರು ಬದಲಿಸುತ್ತಾ ಕರಗಿಹೋದರು, ವಿಶ್ವವಿದ್ಯಾಲಯದವರು ಗೆದ್ದು ಆಮೇಲೆ ಬೇರೆ ಹೆಸರಿಟ್ಟುಕೊಂಡರು, ವಿದ್ಯುತ್ ಇಲಾಖೆಯವರ ತಂಡ ಅಯುತ್ಥಯಾ ಬಿಟ್ಟು ಬುರಿರಾಮಿಗೆ ಹೋಗಿ ಅಲ್ಲಿ ಬೇರೆಯದೇ ಜನ್ಮ ಎತ್ತಿತು, ಎರಡು ಸಲ ಗೆದ್ದ ವಾಯುಪಡೆಯ ಆ ಉದ್ದ ಮನುಷ್ಯ ಗೋಡೆಗೊರಗಿ ತೂಕಡಿಸುತ್ತಿದ್ದಾನೆ, ಚೊನ್‌ಬುರಿಯವನೊಬ್ಬ ಮಾತ್ರ ಎದೆ ಸೆಟೆಸಿ ಕೂತಿದ್ದಾನೆ, ರಾಜಧಾನಿಯ ಹೊರಗಿನ ಊರೊಂದು ಮೊದಲ ಸಲ ಕಪ್ಪು ಎತ್ತಿದ್ದು ಅವರಿಂದ, ಅವನ ಊರಿಗೆ ಊರೇ ಇನ್ನೂ ಅವನ ಹಿಂದಿದೆ, ನಮಗೆ ಎಲ್ಲಿತ್ತು ಊರು, ನಮಗೆ ಇದ್ದದ್ದು ಬ್ಯಾಂಕಿನ ಆಫೀಸು, ಬೆಳಿಗ್ಗೆ ಕೌಂಟರು ಮಧ್ಯಾಹ್ನ ಮೈದಾನ, ಗೆದ್ದ ಸೋಮವಾರವೂ ಟೈ ಕಟ್ಟಿಕೊಂಡು ಎಂಟೂವರೆಗೆ ಹಾಜರು, ಮ್ಯಾನೇಜರು ಎದ್ದು ನಿಂತು ಚಪ್ಪಾಳೆ ಹೊಡೆದರು, ಪಾಸ್‌ಬುಕ್ ಹಿಡಿದು ನಿಂತಿದ್ದ ಮುದುಕಿ ಏನಾಯ್ತಪ್ಪ ಅಂತ ಕೇಳಿದಳು, ಕಪ್ಪು ಗೆದ್ವಿ ಅಜ್ಜಿ, ಯಾವ ಕಪ್ಪು, ನನ್ನ ಟೋಕನ್ ಯಾವಾಗ ಕರೀತೀರಿ — ಆಮೇಲೆ ಒಂದು ದಿನ ಸುತ್ತೋಲೆ ಬಂತು, ತಂಡ ಮುಚ್ಚಿದೆ, ಆಟಗಾರರು ಶಾಖೆಗಳಿಗೆ ವರ್ಗ, ಎರಡೇ ಸಾಲು, ಬುನ್‌ಲೂ ಅದನ್ನು ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡು, ನಡಿಯೋ ತುಯ್, ಊಟ ಮಾಡೋಣ, ಅಂದಿದ್ದ.

ಹೊರಗೆ ಡೋಲು, ಜನ ತುಂಬುತ್ತಿದ್ದಾರೆ, ಇವತ್ತಿನ ಚಾಂಪಿಯನ್ನರನ್ನು ನೋಡಲು ಬಂದವರು, ಮುದುಕರ ಹಾರ ತುರಾಯಿ ಬೇಗ ಮುಗಿದರೆ ಸಾಕು ಅಂತಿರಬೇಕು, ರಂಫೈ ಪೂರ್ವದ ಗ್ಯಾಲರಿಯಲ್ಲಿ ಕೂರುತ್ತೇನೆ ಅಂದಿದ್ದಳು, ಬಿಳಿ ರವಿಕೆ ಹಾಕ್ಕೊಂಡಿರ್ತೀನಿ, ನೋಡು, ಅಂತ — ಬಿಟ್ಟುಕೊಟ್ಟೆಯಲ್ಲ ಅನ್ನುತ್ತಾಳೆ, ಏನು ಬಿಟ್ಟುಕೊಟ್ಟೆ, ಆ ಗುರುವಾರ ಅಭ್ಯಾಸದಲ್ಲಿ ಚೆಂಡು ಬಡಿದು ಬುನ್‌ಲೂನ ಎಡಗೈ ಉಂಗುರದ ಬೆರಳು ಅಡ್ಡಕ್ಕೆ ತಿರುಗಿತು, ಅವನು ಕಿರುಚಲಿಲ್ಲ, ಪ್ರಯೂನನನ್ನು ಬಚ್ಚಲ ಹಿಂದೆ ಎಳಕೊಂಡು ಹೋಗಿ, ಕಟ್ಟೋ, ಬಿಗಿಯಾಗಿ ಕಟ್ಟು, ಕೋಚ್ ಮೇಷ್ಟ್ರಿಗೆ ಹೇಳ್ಬೇಡ ಕಣೋ, ಭಾನುವಾರ ಕೊನೇ ಆಟ, ನಾನೇ ನಿಲ್ಲಬೇಕು, ನಿನ್ನ ಕಾಲಿಗೆ ಬೀಳ್ತೀನಿ, ಅಂದ, ಕಣ್ಣಲ್ಲಿ ನೀರು, ಪ್ರಯೂನ್ ಪಟ್ಟಿ ಸುತ್ತುತ್ತಾ ಸುತ್ತುತ್ತಾ ಸುಮ್ಮನಿದ್ದ, ಆ ಮೌನವನ್ನೇ ಬುನ್‌ಲೂ ತ್ಯಾಗ ಅಂದುಕೊಂಡ, ಇಡೀ ಸೀಸನ್ನಿನಲ್ಲಿ ಹನ್ನೊಂದೇ ನಿಮಿಷ ಆಡಿದ ಗೆಳೆಯ ಸಿಕ್ಕ ಒಂದೇ ಅವಕಾಶವನ್ನು ತನಗಾಗಿ ನುಂಗಿಕೊಂಡ ಅಂತ, ಆದರೆ ಆ ಹೊತ್ತು ಪ್ರಯೂನನ ಎದೆಯಲ್ಲಿ ಇದ್ದದ್ದು ಬೇರೆ, ಒಂದು ವಾರದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಭಾನುವಾರ ಬುನ್‌ಲೂಗೆ ಜ್ವರ ಬಂದು, ಮೇಷ್ಟ್ರು ತನ್ನ ಕಡೆ ತಿರುಗಿ, ಹೂಂ ಎದ್ದೇಳು ಅಂದುಬಿಟ್ಟರೆ, ಗೋಲಿನ ಆ ಎರಡು ಕಂಬದ ನಡುವೆ ಹೋಗಿ ನಿಲ್ಲಬೇಕಾದರೆ, ತನ್ನ ಕಾಲ ಸಂದಿಯಲ್ಲಿ ಚೆಂಡು ನುಸುಳಿ ಕಪ್ಪು ಕೈ ತಪ್ಪಿದರೆ — ಬೆರಳು ಮುರಿದದ್ದು ಕಂಡಾಗ ಮೊದಲು ಅನ್ನಿಸಿದ್ದು, ಅಯ್ಯೋ ಈಗ ನಾನೇ, ಅಂತ, ಹೇಳ್ಬೇಡ ಅಂದ ತಕ್ಷಣ ಮೈಯೆಲ್ಲ ಹಗುರ, ದೇವರೇ ಬದುಕಿದೆ, ಅಷ್ಟೇ, ಅದರಲ್ಲಿ ಬುನ್‌ಲೂನ ಮೇಲಿನ ಪ್ರೀತಿ ಒಂದು ಕಾಳಿನಷ್ಟೂ ಇರಲಿಲ್ಲ. ಭಾನುವಾರ ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಎದುರಾಳಿಗೆ ಪೆನಾಲ್ಟಿ, ಬುನ್‌ಲೂ ಎಡಕ್ಕೆ ಹಾರಿದ, ಅದೇ ಕೈಗೆ ಚೆಂಡು ಬಡಿಯಿತು, ಹೊರಕ್ಕೆ ಹೋಯಿತು, ಬಿದ್ದವನು ಏಳಲೇ ಇಲ್ಲ, ಎಲ್ಲರೂ ಖುಷಿಗೆ ಮಲಗಿದ್ದಾನೆ ಅಂದುಕೊಂಡರು, ನೋವು ಅಂತ ಗೊತ್ತಿದ್ದವನು ಬೆಂಚಿನಲ್ಲಿ ಒಬ್ಬನೇ. ಆಮೇಲೆ ವರ್ಷಕ್ಕೊಮ್ಮೆ ಸೇರಿದಾಗೆಲ್ಲ ಬುನ್‌ಲೂ ಗ್ಲಾಸೆತ್ತಿ, ಈ ಕಪ್ಪು ನಂದಲ್ಲ ಕಣ್ರಯ್ಯಾ, ಇವಂದು, ಅನ್ನುವುದು, ಎಲ್ಲರೂ ಬೆನ್ನು ತಟ್ಟುವುದು, ಅಲ್ಲ ಕಣೋ ಅಂತ ಪ್ರಯೂನನ ಬಾಯಿಗೆ ಬರುವುದು, ಹಂದಿಮಾಂಸದ ತುಂಡಿನ ಜೊತೆ ಅದನ್ನೂ ಜಗಿದು ನುಂಗುವುದು, ಕೊನೆಗೆ ಆಸ್ಪತ್ರೆಯಲ್ಲಿ, ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿದ್ದಾಗ, ಇವತ್ತು ಹೇಳಿಯೇ ಬಿಡಬೇಕು ಅಂತ ಹೋದರೆ ಬುನ್‌ಲೂನೇ ಮೊದಲು ಬಾಯಿ ತೆಗೆದ, ನಿನ್ನ ಜಾಗ ನಾನು ತಿಂದುಬಿಟ್ಟೆ, ಕ್ಷಮಿಸಿಬಿಡು ತುಯ್, ಅಂದ, ಅದಕ್ಕೆ ಇವನು — ಇರಲಿ ಬಿಡು, ಅಂದ, ಇರಲಿ ಬಿಡು ಅಂದ, ಸಾಯುವವನಿಗೆ ಕ್ಷಮೆ ದಾನ ಮಾಡಿದ ದೊಡ್ಡ ಮನುಷ್ಯ.

ಎದ್ದೇಳಿ ಎದ್ದೇಳಿ, ಸಾಲಾಗಿ ಬನ್ನಿ, ಹುಡುಗಿ ಕೈ ಬೀಸುತ್ತಿದ್ದಾಳೆ, ಹೋಗೋ, ಏನಾಗಲ್ಲ, ಸಂಗ್ವಿಯನ್ ಮೊಣಕೈಯಿಂದ ತಿವಿದ, ಸುರಂಗ ಮುಗಿದದ್ದೇ ಬೆಳಕು ಮುಖಕ್ಕೆ ಬಡಿಯಿತು, ಹೊತ್ತು ಇನ್ನೂ ಪೂರ್ತಿ ಮುಳುಗಿಲ್ಲ, ಆಗಲೇ ದೀಪ ಹಾಕಿದ್ದಾರೆ, ಬೂಟಿನ ಕೆಳಗೆ ಹುಲ್ಲು ಒದ್ದೆ, ಪೂರ್ವದ ಗ್ಯಾಲರಿ, ಬಿಳಿ ರವಿಕೆ, ಎಲ್ಲಿ, ಎಷ್ಟೊಂದು ಬಿಳಿ — ಮೈಕಿನಲ್ಲಿ ಬುನ್‌ಲೂನ ಹೆಸರು ಮೊಳಗಿತು, ಪೂರ್ತಿ ಹೆಸರು, ಮನೆತನದ ಹೆಸರಿನೊಂದಿಗೆ, ಗೋಡೆಯಿಂದ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿತು, ರಂಫೈಗೆ ಕೇಳಿರುತ್ತದೆ, ಬಂದ ಕೆಲಸ ಆಯಿತು, ಇನ್ನು ಕೈ ಮುಗಿದು ತಿರುಗಿದರೆ ಮುಗಿಯಿತು, ಒಂದು ಮೂಲೆಯಲ್ಲಿ ಆರೇಳು ಜನ ಹಸಿರು ಸ್ಕಾರ್ಫ್ ಬೀಸುತ್ತಿದ್ದಾರೆ, ಕೌಂಟರಿನ ಹಳೆಯ ಹೆಂಗಸರಿರಬೇಕು, ಕೂದಲು ನೆರೆತವರು, ಅವನು ಕೈ ಮುಗಿದ, ತಿರುಗುವಷ್ಟರಲ್ಲಿ ನಿರೂಪಕ ಹೆಗಲ ಮೇಲೆ ಕೈಯಿಟ್ಟು ಮೈಕನ್ನು ಗದ್ದದ ಕೆಳಗೆ ಹಿಡಿದ, ಇದನ್ನು ಯಾರೂ ಹೇಳಿರಲಿಲ್ಲ, ಬುನ್‌ಲೂ ಅಣ್ಣಾ, ಆ ಪೆನಾಲ್ಟಿ, ಇಡೀ ದೇಶಕ್ಕೆ ನೆನಪಿದೆ, ತಡೆಯೋ ಹೊತ್ತಲ್ಲಿ ಏನನ್ನಿಸ್ತು ಒಂದೇ ಮಾತಲ್ಲಿ ಹೇಳಿಬಿಡಿ, ಅಂದ — ಖುಷಿ ಆಯ್ತು ಅಂದರೆ ಸಾಕು, ಎರಡೇ ಪದ, ಬಾಯಿ ತೆರೆದ, ಖುಷಿ ಬರಲಿಲ್ಲ, ತಡೆದೋನು ನಾನಲ್ಲ, ಅಂದ ಪ್ರಯೂನ್, ಮೈಕು ಅದನ್ನು ದೊಡ್ಡದು ಮಾಡಿ ಎಸೆಯಿತು, ತಡೆದೋನು ಬುನ್‌ಲೂ, ಮುರಿದ ಬೆರಳಲ್ಲೇ ತಡೆದ, ಅವನು ತೀರಿಕೊಂಡು ಮೂರೂವರೆ ತಿಂಗಳಾಯ್ತು, ನನ್ನ ಹೆಸರು ಪ್ರಯೂನ್, ನಾನು ಬೆಂಚಲ್ಲಿದ್ದೆ — ನಿರೂಪಕನ ಕೈ ಹೆಗಲಿನಿಂದ ಜಾರಿತು, ಮೈಕು ಮಾತ್ರ ಹಾಗೆಯೇ ಇತ್ತು, ಬೆರಳು ಮುರಿದದ್ದು ನಂಗೊಬ್ಬನಿಗೇ ಗೊತ್ತಿತ್ತು, ಅವನಿಗೋಸ್ಕರ ನಾನು ಜಾಗ ಬಿಟ್ಟೆ ಅಂತ ಸಾಯೋವರೆಗೂ ನಂಬಿದ್ದ, ಬಿಟ್ಟಿದ್ದಲ್ಲ, ಹೆದರಿದ್ದೆ, ನಿಲ್ಲೋಕೆ ಹೆದರಿದ್ದೆ, ಅಷ್ಟೇ. ಡೋಲು ನಿಂತಿತು, ಒಂದಿಷ್ಟು ಜನ ಯಾಕೆಂದು ತಿಳಿಯದೆ ಚಪ್ಪಾಳೆ ತಟ್ಟಿ ಅರ್ಧಕ್ಕೆ ಬಿಟ್ಟರು, ಯಾರೋ ಸಿಳ್ಳೆ ಹಾಕಿದರು, ನಿರೂಪಕ ಮುಂದಿನ ಹೆಸರು ಓದಲು ಕಾಗದ ಹುಡುಕುತ್ತಿದ್ದಾನೆ, ಪ್ರಯೂನನ ಕಣ್ಣು ಪೂರ್ವದ ಗ್ಯಾಲರಿಯಲ್ಲಿ ಸಾಲು ಸಾಲಾಗಿ ಹತ್ತುತ್ತಿದೆ, ಅಲ್ಲಿ, ಹದಿನಾರನೇ ಸಾಲೋ ಹದಿನೇಳನೆಯದೋ, ಒಬ್ಬಳು ಎದ್ದು ನಿಂತಿದ್ದಾಳೆ, ಬಿಳಿ ರವಿಕೆ, ಸುತ್ತ ಎಲ್ಲರೂ ಕೂತಿದ್ದಾರೆ, ಎದ್ದು ಹೊರಟಳೋ, ನನ್ನನ್ನು ನೋಡಲು ಎದ್ದಳೋ, ಇಷ್ಟು ದೂರದಿಂದ ಮುಖ ಕಾಣುವುದಿಲ್ಲ, ಹಿಂದಿನವರು ಕೂತ್ಕೊಳ್ಳಿ ಅಂತ ಕೈ ಆಡಿಸುತ್ತಿದ್ದಾರೆ, ಅವಳು ಕೂರುತ್ತಿಲ್ಲ, ಹೋಗುತ್ತಲೂ ಇಲ್ಲ, ಬಯ್ಯಬಾರದೇ, ಕೈಯನ್ನಾದರೂ ಎತ್ತಬಾರದೇ, ಇಲ್ಲ, ನಿಂತಿದ್ದಾಳೆ, ಬಿಳಿ ರವಿಕೆ, ನಿಂತೇ ಇದ್ದಾಳೆ