ಬೀಗರ ಕಂಪನಿ

ಕಂಪನಿ ಎಂಬ ಇಂಗ್ಲಿಷ್ ಮಾತನ್ನು ಆ ಬೀದಿಯವರು ಯಾವತ್ತೋ ಮನೆಮಗನಂತೆ ಸಾಕಿಕೊಂಡಿದ್ದರು. ಟೀ ಕುಡಿಯಲು ಕಂಪನಿ, ಕ್ಷೌರದಂಗಡಿಯಲ್ಲಿ ಸರದಿ ಕಾಯಲು ಕಂಪನಿ. ಜೊತೆಗಿರಿ ಎಂದರೆ ಕೈಚಾಚಿದಂತೆ. ಕಂಪನಿ ಕೊಡಿ ಎಂದರೆ ಕೇಳಿದವನ ಮಾನವೂ ಉಳಿಯುತ್ತಿತ್ತು, ಒಲ್ಲೆನೆಂದವನ ಮುಖವೂ ಉಳಿಯುತ್ತಿತ್ತು.

ಅದಕ್ಕೇ ಬಡಗಿ ಬೆಳಿಗ್ಗೆ ತನ್ನ ಬೀಗ ದರ್ಜಿಯ ಅಂಗಡಿ ಮುಂದೆ ನಿಂತು, ಒಡೆದ ದನಿಯಲ್ಲಿ, "ಆಸ್ಪತ್ರೆ ಕಡೆ ಹೊರಟಿದೀನಿ. ಬಿಡುವಿದ್ರೆ ಸ್ವಲ್ಪ ಕಂಪನಿ ಕೊಡಿ" ಎಂದ.

ಗಂಟಲಲ್ಲೊಂದು ಗಂಟು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಹೌದೋ ಅಲ್ಲವೋ ಇಂದು ತಿಳಿಯುವುದಿತ್ತು. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಈ ದರ್ಜಿಯ ಸೊಸೆ, ತುಂಬು ಬಸುರಿ. ಅವಳೆದುರು ಬಾಯಿಬಿಡಲಾಗದೆ ಬಡಗಿ ಅತ್ತ ಸುಳಿಯುವುದನ್ನೇ ಬಿಟ್ಟಿದ್ದ.

"ನಿಮ್ಮ ಮುಖ ನೋಡೋಕೆ ಆಸ್ಪತ್ರೆಗೆ ಬೇರೆ ಬರಬೇಕಾ?" ಎನ್ನುತ್ತಲೇ ದರ್ಜಿ ಹೊಲಿಗೆ ಬಿಟ್ಟು ಎದ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದೇ ದರ್ಜಿಯ ಹಳೆಯ ತಗಾದೆ ಶುರುವಾಯಿತು. "ಮದುವೇಲಿ ನೀವು ಮಾಡಿಕೊಟ್ಟ ಮಂಚ, ಮಗ್ಗುಲು ತಿರುಗಿದ್ರೆ ಬೀದಿಗೆಲ್ಲ ಕೇಳತ್ತೆ."

"ಅದು ಮಂಚದ ತಪ್ಪಲ್ಲ. ನಿಮ್ಮ ಮಗನ ತೂಕ."

ಬಡಗಿಯ ಮೊಣಕಾಲು ಗಡಗಡ ಅದುರುತ್ತಿತ್ತು. ಸೂಜಿಯಡಿ ಬಟ್ಟೆ ಜಾರದಂತೆ ಒತ್ತುವ ಹಾಗೆ, ದರ್ಜಿ ಮಾತು ನಿಲ್ಲಿಸದೆ ಅದರ ಮೇಲೆ ಕೈಯಿಟ್ಟ.

ನರ್ಸ್ ಬಂದು, "ಮನೆಯವರು ಯಾರಾದ್ರೂ ಇದ್ರೆ ಡಾಕ್ಟರು ಒಳಗೆ ಕರೀತಿದಾರೆ" ಎಂದಳು. ಬಡಗಿ ಬೆಂಚಿನಿಂದ ಅರ್ಧ ಎದ್ದ.

"ಇವರು ಸುಮ್ನೆ ಕಂಪನಿಗೆ ಬಂದೋರು" ಎಂದ.

"ಮನೆಯವನೇ, ನಡೀರಮ್ಮ" ಎಂದ ದರ್ಜಿ.

"ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು. "ಮರ ಕೊಯ್ಯೋ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಎದ್ದಿರೋ ಗಂಟು. ಹದಿನೈದು ದಿನ ಇವರು ತುಟಿ ಬಿಚ್ಚಬಾರದು. ಅದನ್ನ ಯಾರಾದ್ರೂ ಕಾಯಬೇಕಲ್ಲ, ಅದಕ್ಕೇ ಕರೆದೆ."

ದರ್ಜಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಬೀಗತನ ಆದಾಗಿಂದ ನಾನು ದೇವರಲ್ಲಿ ಬೇಡಿದ್ದು ಇದೊಂದೇ ಡಾಕ್ಟ್ರೇ."

ಬಡಗಿ ತಿರುಗಿಸಿ ಹೇಳಲು ಬಾಯಿ ತೆರೆದ. ದರ್ಜಿ ಬೆರಳೆತ್ತಿದ. ಬಾಯಿ ಮುಚ್ಚಿತು.

ಹೊರಗೆ ಬಿಸಿಲೇರಿತ್ತು. ಬಡಗಿ ಮೆಟ್ಟಿಲ ಮೇಲೆ ನಿಂತು ಕಣ್ಣುಮುಚ್ಚಿ ಕೈಮುಗಿದ. ಮೇಲಿನವನಿಗೆ ಹೇಳಿಕೊಳ್ಳಲು ಗಂಟಲು ಬೇಕಿರಲಿಲ್ಲ.

"ಮನೆಗೇ ನಡೀರಿ, ಮಗಳನ್ನ ನೋಡಿ ಎಷ್ಟು ದಿನ ಆಯ್ತು," ಎಂದ ದರ್ಜಿ. "ಅವಳಿಗೆ ನಾನೇ ಹೇಳ್ತೀನಿ, ನಿಮ್ಮಪ್ಪ ಸನ್ಯಾಸಿ ಆಗಿದಾರೆ ಅಂತ. ಊಟ ಮಾತ್ರ ಬಿಟ್ಟಿಲ್ಲ ಅಂತಾನೂ ಹೇಳ್ತೀನಿ."

ಬಡಗಿ ತಲೆಯಾಡಿಸಿದ. ದರ್ಜಿಗಿಂತ ಒಂದು ಹೆಜ್ಜೆ ಮುಂದಾಗಿ ನಡೆದ.