ವಿಷಯ: ಚಿಲಕದ ಬಗ್ಗೆ

ದೂರುಗಳ ಕಪಾಟಿನ ಕೊನೆಯ ಕಟ್ಟನ್ನೂ ಬಿಚ್ಚಿ ನೋಡಿದ್ದಾಯಿತು. ಆ ಕಾಗದ ಅಲ್ಲಿರಲಿಲ್ಲ. ಆಗಲೇ ಒಂದೂವರೆ ಗಂಟೆ. ಮೂರಕ್ಕೆ ಪಕ್ಕದ ಕಟ್ಟಡದಲ್ಲಿ ವಿಚಾರಣಾ ಆಯೋಗ ಕೊನೆಯ ಬಾರಿ ಕೂರುತ್ತಿತ್ತು. ಧರ್ಮಸಂಸ್ಥೆಯ ಮಕ್ಕಳ ನಿಲಯದಲ್ಲಿ ಗುರುಗಳು ಮಕ್ಕಳನ್ನು ಕೆಡಿಸಿದ್ದು ನಿಜವೆಂದು ಆಯೋಗ ಬರೆದುಕೊಂಡಾಗಿತ್ತು. ಉಳಿದದ್ದು ಒಂದೇ ಪ್ರಶ್ನೆ. ನಿಲಯಕ್ಕೆ ಅನುಮತಿ ಕೊಟ್ಟು, ವರ್ಷವರ್ಷ ತಪಾಸಣೆ ಮಾಡಿದ ಸರ್ಕಾರಕ್ಕೆ ಇದು ಗೊತ್ತಿತ್ತೇ? ‘ಯಾವುದೇ ದೂರು ಬಂದಿರುವುದಿಲ್ಲ’ ಎಂಬ ಒಂದು ಸಾಲಿನ ವರದಿ ಇಲಾಖೆಯ ಕಾರ್ಯದರ್ಶಿಯ ಕಚೇರಿಯಿಂದ ಟೈಪಾಗಿಯೇ ಬಂದು, ದಫ್ತರಿನ ಗುಮಾಸ್ತೆಯ ಸಹಿಗೆ ಕಾಯುತ್ತಿತ್ತು.

ಈ ಗುಮಾಸ್ತೆಗೆ ಕಚೇರಿಯಲ್ಲಿ ಗೆದ್ದಲು ಎಂದು ಹೆಸರು. ಇಪ್ಪತ್ತಾರು ವರ್ಷ ಹಳೇ ಕಾಗದಗಳ ನಡುವೆ ಕಳೆದವಳಿಗೆ ಇನ್ನೇನು ಹೆಸರಿಟ್ಟಾರು? ಗೆದ್ದಲು ಮುಟ್ಟದ ಕಾಗದ ಇಲ್ಲಿಲ್ಲ ಎಂದು ತಾನೇ ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ತಾನು ಇಲಾಖೆಗೆ ಕಾಗದ ಬರೆಸಿದ್ದೆ ಎಂದು ಒಬ್ಬ ಮುದುಕಿ ಆಯೋಗದ ಮುಂದೆ ಆಣೆ ಮಾಡಿದ್ದಳು. ಆ ನಿಲಯದಲ್ಲೇ ಬೆಳೆದ ಅವಳ ಮಗನೇ ಅದನ್ನು ನಂಬಿರಲಿಲ್ಲ. ಈಗ ಇಬ್ಬರೂ ಹೊರಗಿನ ಬೆಂಚಿನಲ್ಲಿದ್ದರು. ಅವಳು ಈ ತುದಿ, ಲಿಫ್ಟ್ ರಿಪೇರಿ ಮಾಡುವ ಮಗ ಆ ತುದಿ. ನಡುವೆ ನಾಲ್ಕು ಜನ ಕೂರಬಹುದಿತ್ತು.

ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿಬಿಡೋಣವೆಂದು ಗುಮಾಸ್ತೆ ಹೊರಗೆ ಬಂದಳು.

"ಅಮ್ಮಾ, ದೂರಲ್ಲಿ ಏನಂತ ಬರೆಸಿದ್ರಿ?"

"ದೂರು ಯಾರು ಕೊಟ್ರು? ಗುರುಗಳ ಮೇಲೆ ದೂರು ಕೊಟ್ಟಿದ್ರೆ ಮಗೂನ ಬೀದಿಗೆ ಹಾಕ್ತಿದ್ರು. ನಾನು ಆಸ್ಪತ್ರೆ ಬಟ್ಟೆ ಒಗೆಯೋಳು, ಅವನನ್ನ ಇನ್ನೆಲ್ಲಿ ಬಿಡ್ಲಿ? ಚಿಲಕ ಹಾಕಿಸಿಕೊಡಿ ಅಂತ ಅರ್ಜಿ ಬರೆಸಿದೆ."

ಗುಮಾಸ್ತೆಗೆ ಥಟ್ಟನೆ ಹೊಳೆಯಿತು. ಈ ಕಚೇರಿಯಲ್ಲಿ ಕಾಗದದ ಹಣೆಬರಹವೆಂದರೆ ‘ವಿಷಯ’ ಎಂಬ ಮೇಲಿನ ಸಾಲು. ಕೆಳಗೆ ಯಾರು ಎಷ್ಟೇ ಅತ್ತಿರಲಿ, ಮೇಲೆ ಚಿಲಕ ಎಂದಿದ್ದರೆ ಅದು ದುರಸ್ತಿ ಶಾಖೆಗೆ ಹೋಗುತ್ತದೆ. ಮೂರು ತಿಂಗಳಿಂದ ಎಲ್ಲರೂ ದೂರು ಹುಡುಕುತ್ತಿದ್ದರು. ಏನು ಬರೆಸಿದೆ ಎಂದು ಆ ಹೆಂಗಸನ್ನು ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲವೆಂದು ಅವಳಿಗೆ ನಾಚಿಕೆಯಾಯಿತು.

ದುರಸ್ತಿ ಕಟ್ಟುಗಳು ಅಟ್ಟದಲ್ಲಿ, ಮುರಿದ ಕುರ್ಚಿಗಳ ಹಿಂದೆ ಇದ್ದವು. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಹಲಗೆಯ ಕೆಳಗೇ ಗುಮಾಸ್ತೆ ಮುದುಕಿಯ ಮಗನನ್ನು ಎಳೆದುಕೊಂಡು ಒಳಗೆ ಹೋದಳು. ಅಲ್ಲಿ ಏನೂ ಇರಲ್ಲ ಬಿಡಿ ಎಂದು ಗೊಣಗುತ್ತಲೇ ಅವನು ಏಣಿ ಹತ್ತಿ, ಒಂದೊಂದೇ ಕಟ್ಟನ್ನು ಕೆಳಗೆ ದಾಟಿಸಿದ. ಅವಳು ಸೀನುತ್ತ, ದಾರ ಹರಿಯುತ್ತ, ಹಾಳೆ ಮಗುಚುತ್ತ ಕೂತಳು. ಸೋರುವ ಮಾಡು, ಒಡೆದ ಗಾಜು, ಶಾಲೆಯ ಕೊಳಾಯಿ. ಎರಡೂ ನಲವತ್ತಕ್ಕೆ ಅವಳ ಕೈ ನಿಂತಿತು.

"ಸಿಕ್ತು," ಎಂದಳು.

ಕಾಗದ ಇಲಾಖೆಗೆ ತಲುಪಿದ್ದಕ್ಕೆ ಆವಕದ ಮೊಹರು, ಸಂಖ್ಯೆ, ತಾರೀಖು ಎಲ್ಲ ಇದ್ದವು. ಪೂರ್ತಿ ಓದಲು ಪುರುಸೊತ್ತಿರಲಿಲ್ಲ. ಕಡತವನ್ನು ಎದೆಗವಚಿಕೊಂಡು, ಚಪ್ಪಲಿಯನ್ನು ಅಲ್ಲೇ ಬಿಟ್ಟು ಅವಳು ಓಡಿದಳು. ಏಣಿಯಿಂದ ಧುಮುಕಿದ ಅವನೂ ಹಿಂದೆಯೇ ಓಡಿದ. ಮುದುಕಿಯೂ ಬೆಂಚಿನಿಂದೆದ್ದು ಅವರ ಹಿಂದೆ ಬಂದಳು.

ಆಯೋಗದ ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ವಿಷಯ: ಮಕ್ಕಳು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸುವ ಬಗ್ಗೆ. ರಾತ್ರಿ ದೊಡ್ಡವರು ಒಳಗೆ ಬರುತ್ತಾರೆ. ನನ್ನ ಮಗ ಹೆದರಿ ನಿದ್ದೆ ಮಾಡುವುದಿಲ್ಲ." ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಹಿರಿಯ ಅಧಿಕಾರಿಯೊಬ್ಬರು ಸಹಿ ಮಾಡಿದ್ದರು.

ಕಾರ್ಯದರ್ಶಿ ಎದ್ದು ನಿಂತರು. ‘ನೋಡಿದೆ’ ಎನ್ನುವುದು ಕಚೇರಿಯ ರೂಢಿ, ಅದರಿಂದ ವಿಷಯ ತಿಳಿದಿತ್ತೆಂದು ಆಗುವುದಿಲ್ಲ ಎಂದರು. ಆಮೇಲೆ ಕಡತದ ಕೊನೆಯ ಹಾಳೆ ಕಣ್ಣಿಗೆ ಬಿದ್ದು ಅವರ ಮುಖ ಅರಳಿತು. ಇಲಾಖೆ ಸುಮ್ಮನೆ ಕೂತಿಲ್ಲ, ಇಪ್ಪತ್ತೇ ದಿನದಲ್ಲಿ ಚಿಲಕ ಹಾಕಿಸಿದೆ ಎಂದು ಹೆಮ್ಮೆಯಿಂದ ಹೇಳಿದರು.

"ಹಾಗಾದರೆ ಓದಿದ್ದೀರಿ," ಎಂದರು ನ್ಯಾಯಾಧೀಶೆ.

ಕಾರ್ಯದರ್ಶಿ ಕೂತುಬಿಟ್ಟರು. ಗುಮಾಸ್ತೆಗೆ ಕುಣಿಯುವಷ್ಟು ಖುಷಿಯಾಯಿತು. ಆಗ ಬಾಗಿಲ ಬಳಿಯಿಂದ ಮಗ ಮಾತಾಡಿದ.

"ಹಾಕಿದ್ರು ಮೇಡಂ. ಹೊಸ ಚಿಲಕ ಬಂದ ದಿನ ನನಗೆ ನೆನಪಿದೆ. ಹೊರಗಡೆಯಿಂದ ಹಾಕಿದ್ರು."

ನ್ಯಾಯಾಧೀಶೆ ಬೆರಳಚ್ಚುಗಾರನ ಕಡೆ ತಿರುಗಿ, ಸರ್ಕಾರಕ್ಕೆ ಗೊತ್ತಿತ್ತು ಎಂದು ಬರೆದುಕೊಳ್ಳಿ ಎಂದರು. ಟೈಪಿನ ಸದ್ದು ಶುರುವಾಯಿತು.

ಮುದುಕಿ ಎದ್ದು ಮೇಜಿನ ಹತ್ತಿರ ಬಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಒಳಗಿನಿಂದ ಅಂತಾನೇ ಬರೆದಿದ್ದಾನಾ ಆ ಅರ್ಜಿ ಬರೆಯೋನು, ಅದು ಎಲ್ಲಿದೆ ಎಂದು ಯಾರನ್ನೋ ಕೇಳುವಂತೆ ಕೇಳಿದಳು. ಮಗ ಪಕ್ಕಕ್ಕೆ ಬಂದು, ಸೋಪಿನ ನೀರಿಗೆ ಸವೆದ ಅವಳ ತೋರುಬೆರಳನ್ನು ಹಿಡಿದು ಆ ಪದದ ಮೇಲೆ ಇಟ್ಟ.

"ಇಲ್ಲಿದೆಯಮ್ಮ," ಎಂದ.

ಅವಳ ಬೆರಳು ಆ ಐದು ಅಕ್ಷರಗಳ ಮೇಲೆ ಮೆಲ್ಲಗೆ ಸರಿದು, ತುದಿ ಮುಟ್ಟಿ, ಮತ್ತೆ ಮೊದಲಿಗೆ ಬಂತು.